ಬಾಡಿಗೆ ಮನೆಯಲ್ಲಿ ಹನ್ನೆರಡು ವರ್ಷ: ಬೆಂಗಳೂರು ಎಫ್‌ಸಿ ಮುಂದೇನು?

ನನ್ನ ಸೋದರಮಾವ ಐಟಿಐ ಕಾರ್ಖಾನೆಯಿಂದ ರಿಟೈರ್ ಆದವರು. ಫುಟ್‌ಬಾಲ್ ನೋಡಲು ಕೂತರೆ ಅವರದು ಒಂದೇ ಪ್ರಶ್ನೆ: ‘ಈ ಹುಡುಗ ಯಾವ ಏರಿಯಾ?’ ಅವರ ಕಾಲದಲ್ಲಿ ಅದಕ್ಕೆ ಉತ್ತರ ಇರುತ್ತಿತ್ತು. ಇವನು ಆಸ್ಟಿನ್ ಟೌನ್, ಅವನು ಗೌತಮಪುರ, ಆ ಎಡಗಾಲಿನವನು ಮರ್ಫಿ ಟೌನ್. ಈಗ ಕಂಠೀರವದಲ್ಲಿ ನೀಲಿ ಜೆರ್ಸಿ ಹಾಕಿಕೊಂಡು ಅವರ ಪಕ್ಕ ಕೂರುವ ನಾನು ತಡವರಿಸುತ್ತೇನೆ. ಮಣಿಪುರ ಮಾವ. ಪಂಜಾಬ್ ಮಾವ. ಇವನು ಸ್ಪೇನ್ ಮಾವ. ಅವರು ‘ಓಹೋ’ ಅಂದು ಪಾಪ್‌ಕಾರ್ನ್ ಡಬ್ಬಕ್ಕೆ ಕೈ ಹಾಕುತ್ತಾರೆ. ಆ ‘ಓಹೋ’ದಲ್ಲಿ ಬೇಸರ ಇದೆಯೋ, ಬರೀ ಹಸಿವು ಇದೆಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಾನು ಬೆಂಗಳೂರು ಎಫ್‌ಸಿ ಅಭಿಮಾನಿ. ಸುಮ್ನೆ ಟಿವಿಯಲ್ಲಿ ನೋಡುವ ಅಭಿಮಾನಿಯಲ್ಲ. 2013ರ ಜುಲೈ 20ರಂದು ಕ್ಲಬ್ ಹುಟ್ಟಿತು, ಅದೇ ವರ್ಷದಿಂದ ಸ್ಟ್ಯಾಂಡಿನಲ್ಲಿ ನಿಂತು ಗಂಟಲು ಹರಿದುಕೊಂಡವನು. ಹಾಗಾಗಿ ಇಲ್ಲಿ ಬರೆಯುತ್ತಿರುವುದರಲ್ಲಿ ಪ್ರೀತಿಯ ಪಾಲು ಸ್ವಲ್ಪ ಜಾಸ್ತಿಯೇ ಇರಬಹುದು. ಆದರೂ ಒಂದು ಮಾತು ಹೇಳಲೇಬೇಕು. ನಮ್ಮ ಕ್ಲಬ್ ಗೆದ್ದಿದೆ, ಚೆನ್ನಾಗಿಯೇ ಗೆದ್ದಿದೆ. ಆದರೆ ಈ ಊರಿನಲ್ಲಿ ಅದಿನ್ನೂ ಬಾಡಿಗೆದಾರ. ಒಳ್ಳೆಯ ಬಾಡಿಗೆದಾರ, ತಿಂಗಳ ಮೊದಲ ವಾರವೇ ದುಡ್ಡು ಕೊಡುವವನು, ಗೋಡೆಗೆ ಮೊಳೆ ಹೊಡೆಯದವನು. ಆದರೂ ಸ್ವಂತ ಮನೆ ಅಲ್ಲ.

ಮೊದಲು ಗೆಲುವಿನ ಲೆಕ್ಕ ನೋಡೋಣ. ಹುಟ್ಟಿದ ವರ್ಷವೇ ಐ-ಲೀಗ್ ಪ್ರಶಸ್ತಿ, ಆಗ ದೇಶದ ದೊಡ್ಡ ಲೀಗ್ ಅದೇ. ಗೋವಾಕ್ಕೆ ಹೋಗಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಕಪ್ ತಂದರು. ಮಾರನೇ ವರ್ಷ ಫೆಡರೇಷನ್ ಕಪ್. 2016ರಲ್ಲಿ ಮತ್ತೆ ಐ-ಲೀಗ್. 2017ರಲ್ಲಿ ಮತ್ತೆ ಫೆಡರೇಷನ್ ಕಪ್. ಆಮೇಲೆ ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಜಿಗಿದು ಮೊದಲ ವರ್ಷವೇ ಅಂಕಪಟ್ಟಿಯ ತುದಿಗೆ, ಎರಡನೇ ವರ್ಷ ಚಾಂಪಿಯನ್. ನಡುವೆ ಸೂಪರ್ ಕಪ್, 2022ರಲ್ಲಿ ಡುರಾಂಡ್ ಕಪ್. ಕಂಠೀರವದಿಂದ ಕಸ್ತೂರ ಬಾ ರಸ್ತೆಯಲ್ಲಿ ನಡೆದರೆ ಚಿನ್ನಸ್ವಾಮಿ ಸ್ಟೇಡಿಯಂ ಬಲು ಹತ್ತಿರ. ಅಲ್ಲಿನ ತಂಡ ‘ಈ ಸಲ ಕಪ್ ನಮ್ದೇ’ ಅಂತ 18ನೇ ಸೀಸನ್‌ವರೆಗೆ ಕಾಯಿತು. ಆ ಹೊತ್ತಿಗೆ ಈ ಕಡೆಯ ಕಪಾಟಿನಲ್ಲಿ ಏಳು ಕಪ್ ಬಂದು ಕೂತಿದ್ದವು, ಊರಿಗೆ ಸುದ್ದಿಯೇ ಇಲ್ಲ. ಇದನ್ನು ಹೊಟ್ಟೆಕಿಚ್ಚು ಅಂದುಕೊಂಡರೂ ಪರವಾಗಿಲ್ಲ.

ಏಷ್ಯಾ ಮಟ್ಟದ ಸಾಧನೆಯೂ ಇದೆ. 2016ರ ಅಕ್ಟೋಬರ್ 19, ಎಎಫ್‌ಸಿ ಕಪ್ ಸೆಮಿಫೈನಲ್, ಎದುರಿಗೆ ಮಲೇಷ್ಯಾದ ಜೊಹೊರ್ ತಂಡ. ಹಿಂದಿನ ವರ್ಷದ ಚಾಂಪಿಯನ್ನರು. ನಮ್ಮ ಸುನಿಲ್ ಛೆಟ್ರಿ ಎರಡು ಗೋಲು, ಹುವಾನನ್ ಒಂದು, 3-1. ಆ ರಾತ್ರಿ ಪಶ್ಚಿಮದ ಸ್ಟ್ಯಾಂಡಿನಲ್ಲಿ ಪರಿಚಯವೇ ಇಲ್ಲದವರೊಬ್ಬರು ನನ್ನನ್ನು ಅಪ್ಪಿಕೊಂಡು ಎತ್ತಿಬಿಟ್ಟಿದ್ದರು. ನನ್ನ ಒಂದು ಚಪ್ಪಲಿ ಅಲ್ಲೇ ಹೋಯಿತು. ಫೈನಲ್‌ನಲ್ಲಿ ಇರಾಕಿನ ವಾಯುಪಡೆ ಕ್ಲಬ್ ಎದುರು ದೋಹಾದಲ್ಲಿ 0-1ರಿಂದ ಸೋತೆವು, ಇರಲಿ. ಭಾರತದ ಕ್ಲಬ್ ಒಂದು ಆ ಟೂರ್ನಿಯ ಫೈನಲ್ ಆಡಿದ್ದು ಅದೇ ಮೊದಲು.

ಇಷ್ಟೆಲ್ಲ ಬಂದಿದ್ದು ಹೇಗೆ? ಅದೇನೂ ಮಾಯಾಜಾಲ ಅಲ್ಲ. 2013ರಲ್ಲಿ ನಮ್ಮ ದೇಶದ ಕ್ಲಬ್ ಫುಟ್‌ಬಾಲ್ ಹಳೇ ಸರ್ಕಾರಿ ಕಚೇರಿ ಥರ ನಡೆಯುತ್ತಿತ್ತು. ಸಂಬಳ ತಡ, ತರಬೇತಿ ಮೈದಾನ ಸಿಕ್ಕರೆ ಸಿಕ್ಕಿತು, ಆಟಗಾರರ ಊಟಕ್ಕೆ ಲೆಕ್ಕ ಇಲ್ಲ. ನಮ್ಮ ಕ್ಲಬ್‌ನ ಮಾಲೀಕರಾಗಿ ಜೆಎಸ್‌ಡಬ್ಲ್ಯು ಕಂಪನಿ ಬಂದು ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮಾಡಿತು. ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಆಟಗಾರರನ್ನು ಓಡಿಸಿ ಓಡಿಸಿ ದಣಿಸಿದರು. 80ನೇ ನಿಮಿಷದಲ್ಲಿ ಎದುರಾಳಿಗಳು ಸೊಂಟಕ್ಕೆ ಕೈ ಕೊಟ್ಟು ನಿಂತಾಗ ನಮ್ಮವರು ಇನ್ನೂ ಓಡುತ್ತಿದ್ದರು. ಅಷ್ಟೇ ಗುಟ್ಟು. ಬೇರೆಯವರು ಅಚ್ಚುಕಟ್ಟಾಗಿ ಇರಲಿಲ್ಲ, ನಾವಿದ್ದೆವು.

ಅಚ್ಚುಕಟ್ಟನ್ನು ದುಡ್ಡು ಕೊಟ್ಟು ತರಬಹುದು. ದುಡ್ಡು ಇರುವವರೆಲ್ಲ ಆಮೇಲೆ ತಂದರು. ಮುಂಬೈಗೆ ಸಿಟಿ ಫುಟ್‌ಬಾಲ್ ಗ್ರೂಪ್ ಬಂತು, ಕೋಲ್ಕತ್ತದಲ್ಲಿ ಮೋಹನ್ ಬಾಗಾನ್‌ಗೆ ದೊಡ್ಡ ಉದ್ಯಮಿಯ ಜತೆಯಾಯಿತು. ನಮ್ಮ ಹೆಚ್ಚುಗಾರಿಕೆ ಅಲ್ಲಿಗೆ ಮುಗಿಯಿತು. ನಂತರದ ಸ್ಥಾನಗಳನ್ನು ಸಾಲಾಗಿ ಓದಿ ನೋಡಿ. 2019-20ರಲ್ಲಿ ಮೂರನೇ ಸ್ಥಾನ, ಆಮೇಲೆ ಏಳು, ಆಮೇಲೆ ಆರು, 2022-23ರಲ್ಲಿ ನಾಲ್ಕು, 2023-24ರಲ್ಲಿ ಹತ್ತು, 2024-25ರಲ್ಲಿ ಮತ್ತೆ ಮೂರು. ನಮ್ಮ ಬಡಾವಣೆಯ ಕರೆಂಟ್ ಕೂಡ ಇಷ್ಟು ಹೋಗಿ ಬಂದು ಮಾಡುವುದಿಲ್ಲ.

ಈ ಏರಿಳಿತಕ್ಕೆ ಕೋವಿಡ್ ಒಂದು ಕಾರಣ. ಎರಡು ಸೀಸನ್ ಪೂರ್ತಿ ಗೋವಾದಲ್ಲೇ ನಡೆದವು. ಎದುರಾಳಿಗಳ ಕಿವಿ ಕಿತ್ತುಹೋಗುವಂತೆ ಕೂಗುವ ನಮ್ಮ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿ ಬಳಗ ಮನೆಯಲ್ಲಿ ಕೂತು ಫೋನ್ ನೋಡಿತು. ಆದರೆ ನನಗೆ ಇನ್ನೂ ದೊಡ್ಡದಾಗಿ ಕಾಣುವ ಕಾರಣ ಬೇರೆ. ಮೊದಲ ಏಳು ವರ್ಷದಲ್ಲಿ ಮೂವರು ಕೋಚ್‌ಗಳು, ಅದರಲ್ಲೂ ಕಾರ್ಲೆಸ್ ಕ್ವಾಡ್ರಾಟ್ ಅವರು ಆಲ್ಬರ್ಟ್ ರೋಕಾ ಅವರಿಗೇ ಸಹಾಯಕರಾಗಿದ್ದವರು. ಒಬ್ಬರು ಹಾಕಿದ ಹದಕ್ಕೆ ಇನ್ನೊಬ್ಬರು ಒಗ್ಗರಣೆ ಕೊಟ್ಟ ಹಾಗಿತ್ತು. 2021ರ ಜನವರಿಯಲ್ಲಿ ಕ್ವಾಡ್ರಾಟ್ ಹೋದ ಮೇಲೆ ಮಾರ್ಕೊ ಪೆಜ್ಜಾಯುವೊಲಿ, ಸೈಮನ್ ಗ್ರೇಸನ್, ಜೆರಾರ್ಡ್ ಝರಗೋಝಾ. ಜರ್ಮನಿಯವರೊಬ್ಬರು, ಇಂಗ್ಲೆಂಡಿನವರೊಬ್ಬರು, ಸ್ಪೇನಿನವರೊಬ್ಬರು. ಪ್ರತಿಯೊಬ್ಬರದೂ ಬೇರೆ ಅಡುಗೆ. ಪ್ರತಿ ಸಲ ಪಾತ್ರೆ ತೊಳೆದು ಮೊದಲಿಂದ ಶುರು.

ಗ್ರೇಸನ್ ಅವರ ಕಾಲದ ಮಾತು ಬಂದರೆ 2023ರ ಮಾರ್ಚ್ 3ನ್ನು ಬಿಟ್ಟು ಮುಂದೆ ಹೋಗಲು ಆಗಲ್ಲ. ಕಂಠೀರವ, ಪ್ಲೇಆಫ್, ಎದುರಿಗೆ ಕೇರಳ ಬ್ಲಾಸ್ಟರ್ಸ್. ತೊಂಬತ್ತು ನಿಮಿಷ ಗೋಲಿಲ್ಲ. ಎಕ್ಸ್‌ಟ್ರಾ ಟೈಮ್ ಶುರುವಾಗಿ ಆರು ನಿಮಿಷಕ್ಕೆ ಒಂದು ಫ್ರೀಕಿಕ್. ಕೇರಳದ ಗೋಲ್‌ಕೀಪರ್ ಇನ್ನೂ ಆಟಗಾರರ ಗೋಡೆ ನಿಲ್ಲಿಸುತ್ತಿದ್ದರು. ಛೆಟ್ರಿ ಸುಮ್ಮನೆ ಚೆಂಡನ್ನು ಬಲೆಗೆ ತಳ್ಳಿದರು. ರೆಫರಿ ಗೋಲು ಕೊಟ್ಟರು. ಕೇರಳದ ಕೋಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಆಮೇಲೆ ಅವರ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ. ವಾರಗಟ್ಟಲೆ ಅದೇ ಜಗಳ, ಸರಿಯೋ ತಪ್ಪೋ ಅಂತ. ನನ್ನ ಪ್ರಕಾರ ಸರಿ. ಬೇಕಾದವರು ಬೈದುಕೊಳ್ಳಲಿ.

ಆದರೆ ಮಾರನೇ ದಿನ, ಮಾರ್ಚ್ 4ರಂದು ಏನಾಯಿತು ಗೊತ್ತಾ? ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ನಂತರ! ಹಿಂದಿನ ಸಲ ಗೆದ್ದಿದ್ದು 1968-69ರಲ್ಲಿ, ಆಗ ತಂಡದ ಹೆಸರು ಮೈಸೂರು. ಮಾವ ಫೋನ್ ಮಾಡಿ ‘ನೋಡಿದ್ಯೇನೋ’ ಅಂದರು. ನಾನು ‘ಹೂಂ ಮಾವ, ಎಂಥ ಫ್ರೀಕಿಕ್ ಅಲ್ವಾ’ ಅಂದೆ. ಅವರು ಕೇಳಿದ್ದು ರಿಯಾದ್ ಪಂದ್ಯದ ಬಗ್ಗೆ. ನಾನು ಅದನ್ನು ನೋಡಿರಲೇ ಇಲ್ಲ. ನನ್ನಂಥ ನೀಲಿ ಜೆರ್ಸಿಯವರು ಬಹಳ ಮಂದಿ ನೋಡಿರಲಿಲ್ಲ. ಈ ಊರಿನಲ್ಲಿ ಫುಟ್‌ಬಾಲ್ ಎರಡು ಮನೆಯಾಗಿ ಒಡೆದಿದೆ, ಮನೆಗಳ ನಡುವೆ ಹೋಗಿಬರುವುದು ಕಡಿಮೆ ಅಂತ ನನಗೆ ತಟ್ಟಿದ್ದು ಆ ಫೋನಿನಲ್ಲೇ.

ಹಳೆಯ ಮನೆ ಸಣ್ಣದೇನಲ್ಲ. 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದಿತ್ತು, ಬ್ರಿಟಿಷ್ ಪಡೆಗಳ ತಂಡಗಳೇ ಗೆಲ್ಲುತ್ತಿದ್ದ ಕಪ್ ಅದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಈಸ್ಟ್ ಬೆಂಗಾಲ್‌ನಲ್ಲಿ ಹೆಸರು ಮಾಡಿದ ಅಹ್ಮದ್ ಖಾನ್ ಇಲ್ಲಿಯವರೇ. ಹಲಸೂರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆ, ಹೋಗಿ ನೋಡಿ. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು ಹುಡುಗರಿಗೆ ಕೆಲಸ ಕೊಟ್ಟು ಆಡಿಸುತ್ತಿದ್ದವು. ಬೆಳಗ್ಗೆ ಡ್ಯೂಟಿ, ಮಧ್ಯಾಹ್ನ ಪ್ರಾಕ್ಟೀಸ್. ಎಚ್‌ಎಎಲ್ ತಂಡ ಐ-ಲೀಗ್‌ವರೆಗೂ ಹೋಗಿತ್ತು. ಕಾರ್ಖಾನೆಗಳು ಕೆಲಸ ಕೊಡುವುದು ನಿಲ್ಲಿಸಿದ ಮೇಲೆ ಈ ಬಾವಿ ಬತ್ತಿತು. ಫುಟ್‌ಬಾಲ್ ಆಡಿದರೆ ಮನೆ ನಡೆಯುತ್ತದೆ ಅಂತ ಗೌತಮಪುರದ ತಾಯಿಗೆ ಹೇಳುವವರು ಯಾರೂ ಉಳಿಯಲಿಲ್ಲ. ಮೊನ್ನೆ ಮೊನ್ನೆ ಎಸ್‌ಸಿ ಬೆಂಗಳೂರು ತಂಡ 2024-25ರ ಐ-ಲೀಗ್‌ಗೆ (ಆ ಹೊತ್ತಿಗೆ ಅದು ಐಎಸ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿತ್ತು) ಏರಿತು, ಒಂದೇ ವರ್ಷಕ್ಕೆ ಕೆಳಗೂ ಇಳಿಯಿತು. ಮಧ್ಯದ ಮೆಟ್ಟಿಲುಗಳು ಅಷ್ಟು ಅಲುಗಾಡುತ್ತವೆ.

ಹೊಸ ಮನೆಯ ಕಥೆ ಹೀಗಿದೆ. 2025ರ ಏಪ್ರಿಲ್ 12, ಕೋಲ್ಕತ್ತದ ಸಾಲ್ಟ್ ಲೇಕ್, ಐಎಸ್‌ಎಲ್ ಫೈನಲ್. ಎಂಟು ಸೀಸನ್‌ಗಳಲ್ಲಿ ನಮ್ಮದು ನಾಲ್ಕನೇ ಫೈನಲ್. ಅದಕ್ಕೂ ಮೊದಲು ಪ್ಲೇಆಫ್‌ನಲ್ಲಿ ಮುಂಬೈಯನ್ನು 5-0ರಿಂದ ಚಚ್ಚಿದ್ದೆವು. ಗೋವಾದಲ್ಲಿ ಸೆಮಿಫೈನಲ್ ಇನ್ನೇನು ಎಕ್ಸ್‌ಟ್ರಾ ಟೈಮ್‌ಗೆ ಹೋಯಿತು ಅನ್ನುವಾಗ ಛೆಟ್ರಿ ಇಂಜುರಿ ಟೈಮ್‌ನಲ್ಲಿ ತಲೆಕೊಟ್ಟು ಗೋಲು ಹೊಡೆದಿದ್ದರು. ಫೈನಲ್‌ನಲ್ಲಿ ಎದುರಾಳಿ ಮೋಹನ್ ಬಾಗಾನ್‌ನ ಸ್ವಂತ ಗೋಲಿನಿಂದ ಮುಂದಿದ್ದೆವು. ಆಮೇಲೆ ಪೆನಾಲ್ಟಿ, ಎಕ್ಸ್‌ಟ್ರಾ ಟೈಮ್, 1-2. ಮನೆಯಲ್ಲಿ ಟಿವಿ ಆಫ್ ಮಾಡಿದ್ದು ಯಾರು ಅಂತ ನೆನಪಿಲ್ಲ.

ಸೋಲಿಗಿಂತ ನನಗೆ ಹೆಚ್ಚು ಚಿಂತೆ ಹಚ್ಚಿದ್ದು ಇನ್ನೊಂದು ಅಂಕಿ. ಆ ಸೀಸನ್‌ನಲ್ಲಿ ಭಾರತೀಯ ಆಟಗಾರರ ಪೈಕಿ ಅತಿ ಹೆಚ್ಚು ಗೋಲು ಹೊಡೆದವರು ಸುನಿಲ್ ಛೆಟ್ರಿ, 14 ಗೋಲು. ವಯಸ್ಸು 40. 2024ರ ಜೂನ್‌ನಲ್ಲಿ ಅವರು ದೇಶದ ತಂಡದಿಂದ ನಿವೃತ್ತರಾಗಿದ್ದರು, ಬೇರೆ ಯಾರೂ ಗೋಲು ಹೊಡೆಯುತ್ತಿಲ್ಲ ಅಂತ 2025ರ ಮಾರ್ಚ್‌ನಲ್ಲಿ ಮತ್ತೆ ಕರೆಸಿಕೊಂಡರು. ಅಭಿಮಾನಿಯಾಗಿ ನನ್ನ ಎದೆ ಉಬ್ಬುತ್ತದೆ, ನಿಜ. ಆದರೆ ಯೋಚನೆ ಮಾಡಿ. ಕ್ಲಬ್ ಹುಟ್ಟಿದ ವರ್ಷ ಬಂದ ಆಟಗಾರ ಹನ್ನೆರಡನೇ ವರ್ಷದಲ್ಲೂ ಮನೆ ಯಜಮಾನ. ಅಜ್ಜನ ಪಿಂಚಣಿಯಲ್ಲಿ ಸಂಸಾರ ಸಾಗಿಸುವ ಮನೆಗಳಿರುತ್ತವಲ್ಲ, ಹಾಗಾಗಿದೆ. ಅವರು ಬೂಟು ಕಳಚಿಟ್ಟ ದಿನ ಕಳೆದುಕೊಳ್ಳುವುದು ಗೋಲುಗಳನ್ನು ಮಾತ್ರ ಅಲ್ಲ. ಸ್ಟೇಡಿಯಂಗೆ ಬರುವ ಅರ್ಧ ಜನ ಬೆನ್ನ ಮೇಲೆ 11 ಬರೆಸಿಕೊಂಡವರು. ಅವರು ಮುಂದಿನ ವಾರ ಯಾಕೆ ಬರಬೇಕು?

ಈಗ ದುಡ್ಡಿನ ವಿಷಯ. 2010ರಲ್ಲಿ ಭಾರತೀಯ ಫುಟ್‌ಬಾಲ್ ಫೆಡರೇಷನ್ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ 700 ಕೋಟಿ ರೂಪಾಯಿಗೆ ಕೊಟ್ಟಿತ್ತು. ರಿಲಯನ್ಸ್ ಜತೆಯ ಆ ಕರಾರಿನ ಮೇಲೆಯೇ ಐಎಸ್‌ಎಲ್ ಕಟ್ಟಡ ಎದ್ದಿದ್ದು. ಕರಾರು 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಇದೇನು ಗುಟ್ಟಿನ ತಾರೀಖಲ್ಲ, ಕ್ಯಾಲೆಂಡರ್ ಇಟ್ಟುಕೊಂಡವರಿಗೆಲ್ಲ ಗೊತ್ತಿತ್ತು. ಆದರೂ ಮುಂದೇನು ಅಂತ ಯಾರೂ ಹೊತ್ತಿಗೆ ಕೂತು ಮಾತಾಡಲಿಲ್ಲ. ಫೆಡರೇಷನ್ ಸಂವಿಧಾನದ ವಿಷಯ ಸುಪ್ರೀಂ ಕೋರ್ಟ್‌ನಲ್ಲಿತ್ತು. ಜುಲೈನಲ್ಲಿ ಲೀಗ್ ನಡೆಸುವವರು ಸೀಸನ್ ತಡೆಹಿಡಿದಿದ್ದೇವೆ ಅಂತ ಕ್ಲಬ್‌ಗಳಿಗೆ ಪತ್ರ ಬರೆದರು. ಆಮೇಲೆ ಟೆಂಡರ್ ಕರೆದರೆ ಒಬ್ಬರೂ ಬರಲಿಲ್ಲ. ವರ್ಷದ ಕೊನೆಗೆ ಸಿಟಿ ಫುಟ್‌ಬಾಲ್ ಗ್ರೂಪ್ ಮುಂಬೈ ಕ್ಲಬ್ ಬಿಟ್ಟು ಹೊರಟಿತು.

ನಮ್ಮ ಕ್ಲಬ್ ಆಗಸ್ಟ್‌ನಲ್ಲಿ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುತ್ತಿರುವುದಾಗಿ ಪ್ರಕಟಿಸಿತು. ಸಂಬಳ ತಡ ಮಾಡದ ಕ್ಲಬ್ ಅಂತಲೇ ಹೆಸರು ಮಾಡಿದ ಕ್ಲಬ್ಬು! ಕಂಪನಿಯ ಲೆಕ್ಕದಲ್ಲಿ ಅದು ಸರಿ ಇರಬಹುದು. ಲೀಗೇ ಇಲ್ಲದಾಗ ದುಡ್ಡು ಎಲ್ಲಿಂದ ಬರಬೇಕು. ಆದರೆ ಆಟಗಾರನ ಮನೆ ಸಾಲದ ಕಂತು ಲೀಗಿಗೆ ಕಾಯುವುದಿಲ್ಲವಲ್ಲ.

ಅದೇ ಪ್ರಕಟಣೆಯಲ್ಲಿ ಇನ್ನೊಂದು ಸಾಲಿತ್ತು, ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಹುಡುಗ ಹುಡುಗಿಯರ ಕಿರಿಯ ತಂಡಗಳು, ಮಕ್ಕಳಿಗೆ ಆಟ ಕಲಿಸುವ ಶಾಲೆಗಳು ಎಂದಿನಂತೆ ನಡೆಯುತ್ತವೆ ಅಂತ. ನಾನು ಅದನ್ನು ಎರಡು ಸಲ ಓದಿದೆ. ಮಹಡಿ ಮನೆಗೆ ಬೀಗ ಬಿದ್ದಿದೆ, ಕೆಳಗಡೆ ಒಲೆ ಉರಿಯುತ್ತಿದೆ ಅಂದ ಹಾಗಾಯಿತು. ಕ್ಲಬ್‌ನ ಭವಿಷ್ಯದ ಬಗ್ಗೆ ನನಗೆ ನಂಬಿಕೆ ಉಳಿದಿದ್ದರೆ ಆ ಒಂದು ಸಾಲಿನಿಂದ. ದೊಡ್ಡ ತಂಡಕ್ಕೆ ಬೇಕಾಗುವ ಖರ್ಚಿನ ಮುಂದೆ ಕಿರಿಯರ ಖರ್ಚು ಎಷ್ಟು ಸಣ್ಣದು ಅನ್ನುವುದೂ ಆ ಸಾಲಿನಲ್ಲೇ ಇದೆ. ಕಷ್ಟಕಾಲದಲ್ಲೂ ನಡೆಸಬಹುದಾದದ್ದು ಅದೊಂದೇ.

2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು ಫೆಬ್ರುವರಿ 14ರಿಂದ ಲೀಗ್ ಶುರು ಅಂತ ಘೋಷಿಸಿದರು. 14 ತಂಡ, 91 ಪಂದ್ಯ. ಲೆಕ್ಕ ಹಾಕಿ. ಒಬ್ಬರ ಎದುರು ಒಂದೇ ಸಲ ಆಟ. ಹಿಂದಿನ ಸೀಸನ್‌ನಲ್ಲಿ ಒಂದು ತಂಡಕ್ಕೆ 24 ಲೀಗ್ ಪಂದ್ಯ ಇದ್ದವು, ಅದರಲ್ಲಿ 12 ತವರಿನಲ್ಲಿ. ಈಗ ಒಟ್ಟು 13, ತವರಿಗೆ ಆರೋ ಏಳೋ. ಇಂಥ ಗಿಡ್ಡ ಸೀಸನ್‌ನ ಅಂಕಪಟ್ಟಿ ಹಿಡಿದು ಕ್ಲಬ್ಬನ್ನು ಅಳೆಯುವುದು ನನಗಂತೂ ಇಷ್ಟವಿಲ್ಲ. ಎರಡು ಪಂದ್ಯ ಕೈಕೊಟ್ಟರೆ ಹತ್ತನೇ ಸ್ಥಾನ, ಎರಡು ಕೈಹಿಡಿದರೆ ಮೂರನೇ ಸ್ಥಾನ. ಲೀಗ್ ಉಳಿಯಿತು ಅನ್ನುವುದಷ್ಟೇ ಅದರ ಸುದ್ದಿ.

ಮೈದಾನದ ಬಗ್ಗೆ ಹೇಳದೆ ಬಾಡಿಗೆಯ ಮಾತು ಮುಗಿಯಲ್ಲ. ಕಂಠೀರವ ರಾಜ್ಯ ಕ್ರೀಡಾ ಇಲಾಖೆಯದು, ಮೂಲತಃ ಅಥ್ಲೆಟಿಕ್ಸ್‌ನದು. ಸ್ಟ್ಯಾಂಡಿಗೂ ಚೆಂಡಿಗೂ ನಡುವೆ ಓಟದ ಟ್ರ್ಯಾಕ್. ಕಾರ್ನರ್ ಕಿಕ್ ನೋಡಲು ಕಣ್ಣು ಕಿರಿದು ಮಾಡಬೇಕು. ಮೊದಲ ವರ್ಷ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡುತ್ತಿದ್ದಾಗ ಥ್ರೋ ಎಸೆಯುವವನ ಉಸಿರು ಕೇಳುತ್ತಿತ್ತು. ನಮ್ಮ ಅಭಿಮಾನಿ ಬಳಗದ ಹೆಸರಿನ ‘ವೆಸ್ಟ್ ಬ್ಲಾಕ್’ ಬಂದಿದ್ದೂ ಅಲ್ಲಿನ ಸ್ಟ್ಯಾಂಡಿನಿಂದ. ಕಂಠೀರವ ಯಾರಿಗೆ ಸೇರಬೇಕು ಅನ್ನುವ ಜಗಳ ವರ್ಷಗಟ್ಟಲೆ ನಡೆದಿದೆ. 2019ರಲ್ಲಂತೂ ಅನುಮತಿ ಸಿಗದೆ ಕ್ಲಬ್ ಪುಣೆಗೆ ಹೋಗುವ ಮಾತಾಗಿತ್ತು. ಹೆಸರು ಬೆಂಗಳೂರು, ಆಟ ಪುಣೆಯಲ್ಲಿ! ಅಥ್ಲೆಟಿಕ್ಸ್‌ನವರನ್ನು ನಾನು ಬೈಯಲಾರೆ. ಅವರ ಮಕ್ಕಳೂ ಬೆಳಗ್ಗೆ ಐದಕ್ಕೆ ಎದ್ದು ಓಡಬೇಕು. 2025ರ ಜುಲೈ 5ರಂದು ನೀರಜ್ ಚೋಪ್ರಾ ಅದೇ ಮೈದಾನದಲ್ಲಿ 86.18 ಮೀಟರ್ ಜಾವೆಲಿನ್ ಎಸೆದರು, ಸ್ಟೇಡಿಯಂ ತುಂಬಿತ್ತು. ಆ ಕೂಟದ ಆಯೋಜನೆಯಲ್ಲಿ ಜೆಎಸ್‌ಡಬ್ಲ್ಯು ಕೂಡ ಇತ್ತು ಅನ್ನುವುದು ತಮಾಷೆ. ಒಂದೇ ಕಂಪನಿ, ಒಂದೇ ಹುಲ್ಲು, ಎರಡು ಆಟ.

ಹಾಗಾದರೆ ನನಗೆ ಏನು ಬೇಕು? ಸಾಲ್ಟ್ ಲೇಕ್ ಥರದ ಬೃಹತ್ ಸ್ಟೇಡಿಯಂ ಬೇಡ. ಹತ್ತು ಹನ್ನೆರಡು ಸಾವಿರ ಜನ ಕೂರುವ, ಟ್ರ್ಯಾಕ್ ಇಲ್ಲದ, ಮೆಟ್ರೋ ಇಳಿದು ನಡೆದು ಹೋಗಬಹುದಾದ ಒಂದು ಜಾಗ. ಅಶೋಕನಗರದ ಸ್ಟೇಡಿಯಂ ಇದ್ದೇ ಇದೆ. ಕ್ಲಬ್, ರಾಜ್ಯ ಫುಟ್‌ಬಾಲ್ ಸಂಸ್ಥೆ, ಸರ್ಕಾರ ಮೂವರೂ ಒಂದು ಮೇಜಿನ ಮುಂದೆ ಕೂತರೆ ಆಗದ ಕೆಲಸವಲ್ಲ. ಕೂರುವುದೇ ಇಲ್ಲಿ ಕಷ್ಟ.

ಎರಡನೆಯದು ಕ್ಲಬ್‌ನಲ್ಲಿ ಅಭಿಮಾನಿಗಳಿಗೂ ಸ್ವಲ್ಪ ಮಾತು ಇರಬೇಕು. ಜರ್ಮನಿಯ ಹೆಚ್ಚಿನ ಕ್ಲಬ್‌ಗಳಲ್ಲಿ ಅರ್ಧಕ್ಕಿಂತ ಒಂದು ಮತ ಜಾಸ್ತಿ ಸದಸ್ಯರ ಕೈಯಲ್ಲೇ ಇರಬೇಕು ಅನ್ನುವ ನಿಯಮ ಇದೆ. ಅಷ್ಟು ದೂರ ನಾನು ಕನಸು ಕಾಣಲ್ಲ. ಆದರೆ ಮೋಹನ್ ಬಾಗಾನ್ ನೋಡಿ, 1889ರದು. ಅವರಿಗೆ ಮಾಲೀಕರು ಬಂದರು, ಹೋದರು, ಸದಸ್ಯರು ಮಾತ್ರ ಅಲ್ಲೇ ಇದ್ದಾರೆ. ನಮ್ಮಲ್ಲಿ ಮಾಲೀಕರ ಮನಸ್ಸು ಬದಲಾದರೆ ಉಳಿಯುವುದು ನನ್ನ ಬೀರುವಿನ ಹನ್ನೆರಡು ಜೆರ್ಸಿ. ಇದು ಮಾಲೀಕರ ಮೇಲಿನ ದೂರಲ್ಲ, ಇಷ್ಟು ವರ್ಷ ನಷ್ಟದಲ್ಲೂ ನಡೆಸಿಕೊಂಡು ಬಂದವರು ಅವರೇ.

ಮೂರನೆಯದು, ನಿಜವಾಗಿ ಮೊದಲನೆಯದು: ಏರಿಯಾ. ಕ್ಲಬ್‌ನ ಅಕಾಡೆಮಿ ಬಳ್ಳಾರಿ ಕಡೆ ವಿಜಯನಗರದಲ್ಲಿದೆ, ಚೆನ್ನಾಗಿಯೂ ಇದೆ. ಅಲ್ಲಿಂದ ಆಟಗಾರರು ಬರುತ್ತಿಲ್ಲ ಅಂದರೆ ಸುಳ್ಳಾಗುತ್ತದೆ. 2022ರಲ್ಲಿ ಕಿರಿಯರ ತಂಡ ಡೆವಲಪ್‌ಮೆಂಟ್ ಲೀಗ್ ಗೆದ್ದು ಇಂಗ್ಲೆಂಡಿಗೆ ಹೋಗಿ ಆಡಿ ಬಂತು. 2024ರ ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಸೀಸನ್‌ನ ಮೊದಲ ಪಂದ್ಯದ ಒಂದೇ ಗೋಲು ಹೊಡೆದವನು ಕಿರಿಯರ ತಂಡದಿಂದ ಬಂದ ವಿನಿತ್ ವೆಂಕಟೇಶ್. ಅಂಥವರು ಇಬ್ಬರು ಮೂವರಲ್ಲ, ಐದಾರು ಜನ ಒಟ್ಟಿಗೆ ಮೊದಲ ತಂಡದಲ್ಲಿರಬೇಕು. ಅದರಲ್ಲಿ ಕೆಲವರಾದರೂ ಇದೇ ಊರಿನ ಗಲ್ಲಿಗಳವರಾಗಿರಬೇಕು. ಮಣಿಪುರದ ರೋಶನ್, ಸುರೇಶ್ ಹೊರಗಿನವರು ಅಂತ ನಾನು ಹೇಳುತ್ತಿಲ್ಲ. ನಮಗಾಗಿ ಕಾಲು ಮುರಿಯುವಂತೆ ಓಡಿದವರು ನಮ್ಮವರೇ. ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ಪಡೆದ ರಯಾನ್ ವಿಲಿಯಮ್ಸ್ ಕೂಡ ನಮ್ಮವರೇ. ಬೆಂಗಳೂರು ಅಂದರೆ ಬಂದವರ ಊರೇ ಅಲ್ವಾ. ಆದರೆ ಗೌತಮಪುರದ ಹುಡುಗ ಬಾಗಿಲಾಚೆಯೇ ನಿಂತಿದ್ದರೆ ಅದು ಯಾರ ಊರು?

ಈಚೆಗೆ ಒಂದು ಬೆಳಗ್ಗೆ ಮಾವನನ್ನು ಕರೆದುಕೊಂಡು ಕಿರಿಯರ ಪಂದ್ಯಕ್ಕೆ ಹೋಗಿದ್ದೆ. ಟಿಕೆಟ್ ಇಲ್ಲ, ನೆರಳೂ ಇಲ್ಲ. ಹೆಚ್ಚೆಂದರೆ ಐವತ್ತು ಜನ, ಅದರಲ್ಲಿ ಅರ್ಧ ಆಟಗಾರರ ಮನೆಯವರು. ಮಾವ ಬಿಸಿಲಿಗೆ ಕೊಡೆ ಬಿಚ್ಚಿ ಹಿಡಿದು ಅದರೊಳಗೇ ತೂಕಡಿಸುತ್ತಿದ್ದರು. ಎರಡನೇ ಅರ್ಧದಲ್ಲಿ ಒಬ್ಬ ಸಣಕಲು ಹುಡುಗ ಬದಲಿಯಾಗಿ ಬಂದ. ಮೊದಲ ಚೆಂಡನ್ನೇ ಎದೆಯಲ್ಲಿ ತಡೆದು ಎಡಗಾಲಿನಿಂದ ಆ ಬದಿಗೆ ತಿರುಗಿಸಿದ. ಮಾವ ಎಚ್ಚರಾದರು.

‘ಯಾವ ಏರಿಯಾ ಇವನು?’

ನಾನು ಎಂದಿನಂತೆ ಫೋನ್ ತೆಗೆದೆ. ಅಷ್ಟರಲ್ಲಿ ಹಿಂದಿನ ಮೆಟ್ಟಿಲಿನಿಂದ ಒಬ್ಬ ಹೆಂಗಸು ಟಿಫಿನ್ ಡಬ್ಬದ ಮುಚ್ಚಳ ಹಾಕುತ್ತಾ ಹೇಳಿದರು:

‘ಕಮ್ಮನಹಳ್ಳಿ ಸಾರ್.’

ಮಾವ ಕೊಡೆ ಮಡಚಿ ಪಕ್ಕಕ್ಕಿಟ್ಟರು.